ವೈರಾಣು ಬೀಗದೊಳಗಿರಲಿ, ಮಾಹಿತಿ ಹೊರಗೆ ಬರಲಿ

ಮಾನ್ಯ ಸಂಪಾದಕರೇ,

ವಿದೇಶಿಯರ ಜತೆ ಸೇರಿ ನಡೆಸುವ ಸಂಶೋಧನೆಗಳಿಗೆ ವಿಶ್ವವಿದ್ಯಾಲಯಗಳಲ್ಲಿ ಕಡಿವಾಣ ಹಾಕಬೇಕು, ರೋಗಾಣುಗಳಿಗೆ ಸಂಬಂಧಿಸಿದ ಯಾವ ಅಂಕಿಅಂಶವೂ ಹೊರಗೆ ಹೋಗಬಾರದು ಎಂದು ನಿಮ್ಮ ಓದುಗರೊಬ್ಬರು ಕಳೆದ ವಾರ ಬರೆದಿದ್ದರು. ಅವರ ಆತಂಕಕ್ಕೆ ಆಧಾರವೇ ಇಲ್ಲವೆಂದು ನಾನು ಹೇಳಲಾರೆ. ನಾನಿರುವುದು ಪುಣೆಯ ಪಾಷಾಣ್‌ನಲ್ಲಿ. ಶಸ್ತ್ರಾಸ್ತ್ರಗಳ ಸಂಶೋಧನಾ ಸಂಸ್ಥೆಯೂ ಇಲ್ಲಿದೆ, ಎಳೆಯ ವಿದ್ಯಾರ್ಥಿಗಳು ಓದುವ ವಿಜ್ಞಾನ ಶಿಕ್ಷಣ ಸಂಸ್ಥೆ ಐಸರ್ ಕೂಡ ಇಲ್ಲಿದೆ. 2023ರ ಮೇ ತಿಂಗಳಲ್ಲಿ ಇದೇ ಊರಿನಲ್ಲಿರುವ, ದೇಶದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪ್ರಯೋಗಾಲಯವೊಂದರ ನಿರ್ದೇಶಕರನ್ನು ಭಯೋತ್ಪಾದನೆ ನಿಗ್ರಹ ದಳ ಬಂಧಿಸಿದಾಗ ನಾವೆಲ್ಲ ಬೆಚ್ಚಿಬಿದ್ದೆವು. ಆದರೆ ಅಲ್ಲಿರುವ ಆರೋಪವನ್ನು ಗಮನಿಸಿ: ಪಾಕಿಸ್ತಾನದ ಗುಪ್ತಚರರಿಗೆ ಮೊಬೈಲ್ ಸಂದೇಶಗಳ ಮೂಲಕ ಮಾಹಿತಿ ಸಿಕ್ಕಿತು ಎಂಬುದು. ಯಾವ ಪ್ರಾಧ್ಯಾಪಕರ ಪ್ರಬಂಧವಾಗಲಿ, ಯಾವ ವಿಚಾರ ಸಂಕಿರಣವಾಗಲಿ ಆ ಸೋರಿಕೆಗೆ ದಾರಿಯಾಗಿರಲಿಲ್ಲ.

ನಾನು ಸೊರಬ ತಾಲ್ಲೂಕಿನವಳು. ಪುಣೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತಳಾಗಿದ್ದೇನೆ. ಹಾಗಾಗಿ ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯನ್ನು ಬಿಟ್ಟು ಈ ವಿಷಯ ಮಾತನಾಡಲು ನನಗೆ ಆಗದು. 1957ರಲ್ಲಿ ನಮ್ಮ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು, ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಮಲಗಿದಾಗ ಕಾರಣ ಹುಡುಕಿಕೊಟ್ಟವರು ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು. ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆಯೇ ಅದು. 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಸೇರಿ ಅದನ್ನು ಆರಂಭಿಸಿದ್ದವು. ವಿದೇಶಿಯರಿಗೆ ಆಗ ಬಾಗಿಲು ಮುಚ್ಚಿದ್ದರೆ ನಮ್ಮೂರಿನ ಸಾವುಗಳಿಗೆ ಒಂದು ಹೆಸರು ಸಿಗಲು ಇನ್ನೆಷ್ಟು ಕಾಲ ಹಿಡಿಯುತ್ತಿತ್ತೋ.

ಇದೇ ಕಥೆಯ ಇನ್ನೊಂದು ಮಗ್ಗುಲನ್ನು ಆ ಓದುಗರ ಪರವಾಗಿ ನಾನೇ ಹೇಳುತ್ತೇನೆ. ರಷ್ಯಾದ ಕಾಡುಗಳಲ್ಲಿ ಉಣುಗುಗಳಿಂದ ಹರಡುವ ಮಿದುಳು ಜ್ವರದ ವೈರಾಣುವಿಗೂ ಕ್ಯಾಸನೂರಿನ ವೈರಾಣುವಿಗೂ ಹತ್ತಿರದ ನಂಟಿದೆ. ವಲಸೆ ಹಕ್ಕಿಗಳು ಅದನ್ನು ಇಲ್ಲಿಗೆ ತಂದಿರಬಹುದೇ ಎಂಬ ಊಹೆ ಹುಟ್ಟಿತು. ಮುಂಬೈಯ ನಿಸರ್ಗ ಇತಿಹಾಸ ಸಂಘ, ಸಲೀಂ ಅಲಿಯವರ ನೇತೃತ್ವದಲ್ಲಿ, ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸ ಹಿಡಿಯಿತು. ಅದಕ್ಕೆ ಬಂದ ಹಣದಲ್ಲಿ ಒಂದು ಪಾಲು ಅಮೆರಿಕದ ಸೇನೆಯದು. ಸೇನೆಗೆ ಹಕ್ಕಿಗಳಿಂದ ಆಗಬೇಕಾದ್ದೇನು ಎಂಬ ಪ್ರಶ್ನೆ ಎದ್ದಿತು. 1975ರಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಇಂಥ ವಿದೇಶಿ ಸಹಭಾಗಿತ್ವದ ಯೋಜನೆಗಳ ಬಗ್ಗೆ ಕಟುವಾದ ವರದಿ ಕೊಟ್ಟಿತು. ಅಂಥ ಯೋಜನೆಗಳಲ್ಲೊಂದಾದ, ದೆಹಲಿಯಲ್ಲಿದ್ದ ಸೊಳ್ಳೆ ನಿಯಂತ್ರಣದ ಅಧ್ಯಯನ ಘಟಕ ಅದೇ ವರ್ಷ ಮುಚ್ಚಿತು. ಸಮಿತಿಯ ಪ್ರಶ್ನೆಗಳು ನ್ಯಾಯವಾಗಿಯೇ ಇದ್ದವು. ಹಣ ಯಾರದು, ಮಾದರಿಗಳು ಎಲ್ಲಿಗೆ ಹೋಗುತ್ತವೆ, ಫಲ ಯಾರಿಗೆ? ಇವು ಮೊದಲ ದಿನವೇ ಎಲ್ಲರಿಗೂ ತಿಳಿದಿರಬೇಕಾದ ಸಂಗತಿಗಳು. ಅಂದು ಸಂಶಯ ಬೆಳೆದದ್ದು ಇವು ಮಬ್ಬಿನಲ್ಲಿದ್ದುದರಿಂದ. ದೇಶದ ಭದ್ರತೆಯ ದೃಷ್ಟಿಯಿಂದ ನೋಡಿದರೂ ಅಲ್ಲಿ ಬೇಕಾಗಿದ್ದದ್ದು ಇನ್ನಷ್ಟು ಬೆಳಕೇ.

ಈಗ ನನ್ನ ಹೊಟ್ಟೆ ಉರಿಸಿದ ಸಂಗತಿ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಂಗನ ಕಾಯಿಲೆಯ ಮೇಲೆ ಸಂಶೋಧನೆಗೆ ಕೈಹಾಕಿದಳು. ಯಾವ ಹಳ್ಳಿಯಲ್ಲಿ ಯಾವ ವಾರ ಮಂಗ ಸತ್ತಿತು, ಎಲ್ಲಿಯ ಉಣುಗುಗಳಲ್ಲಿ ವೈರಾಣು ಕಂಡಿತು ಎಂಬ ಪಟ್ಟಿ ಬೇಕೆಂದು ಸರ್ಕಾರಿ ಕಚೇರಿಯೊಂದಕ್ಕೆ ಬರೆದಳು. ತಿಂಗಳುಗಟ್ಟಲೆ ಕಾದ ಮೇಲೆ ಉತ್ತರ ಬಂತು. ಅವಳು ಅದನ್ನು ನಮ್ಮ ಮನೆಗೆ ತಂದು ತೋರಿಸಿದಳು. ಕೋರಿರುವ ಮಾಹಿತಿ ಸೂಕ್ಷ್ಮ ಸ್ವರೂಪದ್ದಾದ್ದರಿಂದ ಒದಗಿಸಲು ಬರುವುದಿಲ್ಲ ಎಂಬ ಒಂದೇ ವಾಕ್ಯ, ಕೆಳಗೆ ಓದಲಾಗದ ಸಹಿ, ಸಹಿಯ ಮೇಲೆ ಅರ್ಧ ಮೂಡಿದ ಮೊಹರು. ಯಾವ ನಿಯಮದ ಪ್ರಕಾರ ಸೂಕ್ಷ್ಮ, ಎಷ್ಟು ಕಾಲ ಸೂಕ್ಷ್ಮ, ಮೇಲ್ಮನವಿ ಯಾರಿಗೆ, ಇದೊಂದೂ ಇಲ್ಲ. ಪ್ರಬಂಧ ಸಲ್ಲಿಸುವ ಗಡುವು ಇದ್ದುದರಿಂದ ಹುಡುಗಿ ವಿಷಯವನ್ನೇ ಬದಲಿಸಿಕೊಂಡಳು.

ಊರಿನಲ್ಲಿ ಮಂಗ ಸತ್ತರೆ ಅದು ಗುಟ್ಟಾಗಿ ಉಳಿಯುವ ಮಾತೇ ಅಲ್ಲ. ಸೊಪ್ಪಿನ ಬೆಟ್ಟಕ್ಕೆ ಹೋದವರು ನೋಡಿ ಬಂದು ಹೇಳುತ್ತಾರೆ. ಆರೋಗ್ಯ ಇಲಾಖೆಯವರು ಬಂದು ಸುತ್ತಲಿನ ನೆಲಕ್ಕೆ ಮಾಲಾಥಿಯಾನ್ ಎಂಬ ಕೀಟನಾಶಕದ ಪುಡಿ ಎರಚುತ್ತಾರೆ. ತರಗೆಲೆಯ ಮೇಲೆ ಬಿದ್ದ ಬಿಳಿ ಪುಡಿಯನ್ನು ಶಾಲೆಗೆ ಹೋಗುವ ಮಕ್ಕಳೂ ನೋಡುತ್ತಾರೆ. ಇಡೀ ಊರು ಕಂಡ ಸಂಗತಿ ಕಡತ ಸೇರಿದ ಕೂಡಲೇ ದೇಶದ ರಹಸ್ಯವಾಗುವುದು ಹೇಗೆ?

ಅಂಕಿಅಂಶ ಹೊರಬಂದರೆ ಏನಾಗುತ್ತದೆ ಎಂಬುದಕ್ಕೂ ಇದೇ ಕಾಯಿಲೆ ಸಾಕ್ಷಿ. ನಮ್ಮ ಜಿಲ್ಲೆಗಳಲ್ಲಿ ವರ್ಷಗಟ್ಟಲೆ ಕೊಟ್ಟ ಲಸಿಕೆಯನ್ನು ಪರಿಶೀಲಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಎರಡು ಡೋಸ್ ಪಡೆದವರಲ್ಲಿ ಅದರ ಪರಿಣಾಮ ಶೇ 62ರಷ್ಟು ಮಾತ್ರ ಎಂದು ಅದು ಹೇಳಿತು. ಲಸಿಕೆಯ ಮೇಲಿನ ಪ್ರಶ್ನೆಗಳು ಬೆಳೆಯುತ್ತ ಹೋಗಿ 2022ರಲ್ಲಿ ಕರ್ನಾಟಕದಲ್ಲಿ ಅದನ್ನು ನಿಲ್ಲಿಸಲಾಯಿತು. ಆ ಲೆಕ್ಕವೂ ಕಪಾಟಿನಲ್ಲಿ ಕುಳಿತಿದ್ದರೆ ಜನ ಚುಚ್ಚುಮದ್ದನ್ನು ನಂಬಿ ಕಾಡಿಗೆ ಹೋಗುತ್ತಲೇ ಇರುತ್ತಿದ್ದರು. 2020ರಲ್ಲಿ ಬ್ರಿಟನ್ ಮತ್ತು ಭಾರತದ ಸಂಶೋಧಕರು ಸೇರಿ, ಕಾಡು ಮತ್ತು ತೋಟ ಬೆರೆತಿರುವ, ದನಕರು ಹೆಚ್ಚಿರುವ ಕಡೆ ಅಪಾಯ ಹೆಚ್ಚು ಎಂದು ನಕ್ಷೆ ಬರೆದು ತೋರಿಸಿದರು. ಯಾರು ಬೇಕಾದರೂ ಓದಬಹುದಾದ ಪ್ರಬಂಧ ಅದು. ನಿಮ್ಮ ಓದುಗರ ಸಲಹೆಯಂತೆ ನಡೆದಿದ್ದರೆ ಆ ನಕ್ಷೆ ಇರುತ್ತಿರಲಿಲ್ಲ.

ರಕ್ಷಣೆ ಬೇರೆ, ಜನರ ಆರೋಗ್ಯ ಬೇರೆ ಎಂದು ಗೆರೆ ಎಳೆಯುವುದೂ ಕಷ್ಟ. ಕಾಡಿಗೆ ಹೋಗುವವರು ಉಣುಗು ಹತ್ತದಂತೆ ಕೈಕಾಲಿಗೆ ಹಚ್ಚಿಕೊಳ್ಳುವ ಡೆಪಾ ತೈಲದ ಹಿಂದಿರುವುದು ಗ್ವಾಲಿಯರ್‌ನ ಡಿಆರ್‌ಡಿಒ ಪ್ರಯೋಗಾಲಯದ ಸಂಶೋಧನೆ. ಸೈನಿಕರಿಗಾಗಿ ಮಾಡಿದ ಕೆಲಸ ಅಡಿಕೆ ತೋಟದ ಕೂಲಿಯವರ ಚರ್ಮ ಕಾಯುತ್ತಿರುವುದು ನನಗೆ ಹೆಮ್ಮೆಯ ವಿಷಯ.

ಹಾಗಾದರೆ ಗುಟ್ಟು ಬೇಡವೇ? ಖಂಡಿತ ಬೇಕು. ಕ್ಯಾಸನೂರು ವೈರಾಣು ಅಮೆರಿಕದ ಅಪಾಯಕಾರಿ ರೋಗಾಣುಗಳ ಪಟ್ಟಿಯಲ್ಲಿದೆ. ಜೀವಂತ ವೈರಾಣು ಇರುವ ಸೀಸೆಗಳು, ಅವುಗಳ ಸಾಗಣೆ, ಅತ್ಯುನ್ನತ ಸುರಕ್ಷತೆಯ ಪ್ರಯೋಗಾಲಯದ ಒಳಗೆ ಹೋಗುವವರು, ರೋಗಾಣುವನ್ನು ಇನ್ನಷ್ಟು ಘಾತಕವಾಗಿಸಬಲ್ಲ ವಿಧಾನಗಳು, ಇವುಗಳ ಮೇಲೆ ಎಷ್ಟು ಬಿಗಿ ಇದ್ದರೂ ನನ್ನ ತಕರಾರಿಲ್ಲ. ರೋಗಿಗಳ ಹೆಸರೂ ಹೊರಗೆ ಬರಬಾರದು. ಶೀತಲ ಸಮರದ ನಡುವೆಯೇ, 1982ರಲ್ಲಿ, ಅಮೆರಿಕದ ವಿಜ್ಞಾನ ಅಕಾಡೆಮಿಯ ಸಮಿತಿ ಇದನ್ನೇ ಹೇಳಿತ್ತು: ಮುಚ್ಚಿಡಬೇಕಾದ ಭಾಗ ಚಿಕ್ಕದಿರಲಿ, ಅದರ ಸುತ್ತಲಿನ ಗೋಡೆ ಎತ್ತರವಿರಲಿ. 1985ರಲ್ಲಿ ರೇಗನ್ ಸರ್ಕಾರ, ಮೂಲಭೂತ ಸಂಶೋಧನೆಯ ಫಲಿತಾಂಶಗಳು ಸಾಧ್ಯವಾದಷ್ಟೂ ಮುಕ್ತವಾಗಿರಬೇಕು ಎಂದು ಆದೇಶಿಸಿತು. ಸೋವಿಯತ್ ಒಕ್ಕೂಟ ಎದುರಿಗಿದ್ದಾಗಲೇ ಅವರಿಗೆ ಆ ಧೈರ್ಯವಿತ್ತು.

ನಮ್ಮಲ್ಲಿ 2021ರ ಜನವರಿಯಲ್ಲಿ ಶಿಕ್ಷಣ ಸಚಿವಾಲಯ, ದೇಶದ ಆಂತರಿಕ ವಿಷಯಗಳ ಮೇಲೆ ಆನ್‌ಲೈನ್ ಅಂತರರಾಷ್ಟ್ರೀಯ ಸಮ್ಮೇಳನ ನಡೆಸಲೂ ಪೂರ್ವಾನುಮತಿ ಬೇಕೆಂದಿತ್ತು. ಆಂತರಿಕ ವಿಷಯ ಎಂದರೆ ಯಾವುದು ಎಂಬ ವಿವರಣೆ ಇರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಆಕ್ಷೇಪಿಸಿತು, ಮರು ತಿಂಗಳೇ ಆ ಸೂಚನೆ ಹಿಂದಕ್ಕೆ ಹೋಯಿತು. ಆದರೆ ಕೆಳಗಿನ ಕಚೇರಿಗಳಲ್ಲಿ ಅಂಥ ಸುತ್ತೋಲೆಗಳ ಭಯ ಬೇಗ ಹೋಗುವುದಿಲ್ಲ. ಇಲ್ಲ ಎಂದ ಗುಮಾಸ್ತನನ್ನು ಯಾರೂ ಪ್ರಶ್ನಿಸುವುದಿಲ್ಲ, ಕೊಟ್ಟವನ ಮೇಲೆ ಮಾತ್ರ ನೋಟಿಸ್ ಬಂದೀತು.

ಹೊಸ ಕಾನೂನು ಬೇಕಾಗಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 8ನೇ ಕಲಂ ದೇಶದ ಭದ್ರತೆಗೆ ಧಕ್ಕೆ ತರುವ ಮಾಹಿತಿಗೆ ವಿನಾಯಿತಿ ಕೊಟ್ಟಿದೆ. ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದು ಎಂದೂ ಅದೇ ಕಲಂ ಹೇಳುತ್ತದೆ. ಮುಚ್ಚಿಡಬೇಕಾದ ಭಾಗವನ್ನು ಬೇರ್ಪಡಿಸಿ ಉಳಿದದ್ದನ್ನು ಕೊಡಲು 10ನೇ ಕಲಂ ಇದೆ. ಸಂಶೋಧಕರು ಕೇಳಿದಾಗ ಕಚೇರಿಗಳು ಇದೇ ಅಳತೆಗೋಲನ್ನು ಹಿಡಿಯಲಿ. ನಿರಾಕರಿಸುವುದಾದರೆ ಕಾರಣ, ಕಲಂ, ಅವಧಿ, ಮೇಲ್ಮನವಿ ಅಧಿಕಾರಿಯ ಹುದ್ದೆ, ನಾಲ್ಕನ್ನೂ ಬರೆಯಲಿ.

ಕಾಯಿಲೆ ಈಗ ಶಿವಮೊಗ್ಗದ ಗಡಿಯೊಳಗೆ ಉಳಿದಿಲ್ಲ. 2015ರಲ್ಲಿ ಗೋವಾದ ಸತ್ತರಿ ತಾಲ್ಲೂಕಿನಲ್ಲಿ ಗೇರುಬೀಜ ಆಯುವವರಿಗೆ ಬಂತು, 2016ರಲ್ಲಿ ಸಿಂಧುದುರ್ಗದ ದೋಡಾಮಾರ್ಗಕ್ಕೆ ತಲುಪಿತು. ಡಿಸೆಂಬರ್ ಕಳೆದರೆ ಉಣುಗು ಮರಿಗಳ ಕಾಲ. ಅದಕ್ಕೆ ಮುಂಚೆ ಕರ್ನಾಟಕ, ಗೋವಾ, ಮಹಾರಾಷ್ಟ್ರ ಮೂರೂ ಸರ್ಕಾರಗಳು ಮಂಗಗಳ ಸಾವಿನ ಹಾಗೂ ಉಣುಗು ಪರೀಕ್ಷೆಯ ಗ್ರಾಮವಾರು ಪಟ್ಟಿಯನ್ನು ಪ್ರತಿ ವಾರ ಪ್ರಕಟಿಸುವ ಏರ್ಪಾಡು ಮಾಡಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ.

ಇತಿ,
ನಿವೃತ್ತ ಪ್ರಾಣಿಶಾಸ್ತ್ರ ಅಧ್ಯಾಪಕಿ
ಪಾಷಾಣ್, ಪುಣೆ