ಸೂಚನೆ: ಸೆರೆಸಿಕ್ಕ ಮಿ-262 ಚಿತ್ರಗಳನ್ನು ಹಾಕುವ ಮುನ್ನ

ಸದಸ್ಯರೇ, ಮಿ-262 (ಎರಡನೇ ಮಹಾಯುದ್ಧದ ಮೆಸ್ಸರ್‌ಶ್ಮಿಟ್ ಜೆಟ್ ಯುದ್ಧವಿಮಾನ) ಸೇರಿದಂತೆ ಜರ್ಮನ್ ಜೆಟ್ ಚಿತ್ರಗಳಿಗೆಲ್ಲ ‘ಯುದ್ಧದಲ್ಲಿ ಹಾರುತ್ತಿರುವುದು’ ಎಂಬ ಶೀರ್ಷಿಕೆ ಬರುತ್ತಿದೆ. ಅವುಗಳಲ್ಲಿ ಹಲವು 1945ರ ಮೇ ನಂತರದವು, ಅಂದರೆ ಯುರೋಪಿನಲ್ಲಿ ಯುದ್ಧ ಮುಗಿದ ಮೇಲಿನವು. ಮೊದಲು ಗುರುತು ನೋಡಿ. ಅಮೆರಿಕದ ನಕ್ಷತ್ರ ಅಥವಾ ‘ಎಫ್‌ಇ’ (ವಿದೇಶಿ ಉಪಕರಣ) ಸಂಖ್ಯೆ ಇದ್ದರೆ ಅದು ಅಮೆರಿಕನ್ನರ ವಶದಲ್ಲಿದ್ದದ್ದು. ‘ಏರ್ ಮಿನ್’ (ಏರ್ ಮಿನಿಸ್ಟ್ರಿ, ಬ್ರಿಟನ್ನಿನ ವಾಯು ಸಚಿವಾಲಯ) ಸಂಖ್ಯೆ ಇದ್ದರೆ ಬ್ರಿಟಿಷರ ವಶದಲ್ಲಿದ್ದದ್ದು. ಹಳೆಯ ಗುರುತಿನ ಮೇಲೆ ಹೊಸ ಬಣ್ಣ ಬಳಿದಿರುತ್ತಾರೆ, ಹಾಗಾಗಿ ಚಿತ್ರ ದೊಡ್ಡದು ಮಾಡಿ ನೋಡಿ.

ಅಮೆರಿಕದ ಕರ್ನಲ್ ಹೆರಾಲ್ಡ್ ವಾಟ್ಸನ್ ತಂಡ ಜರ್ಮನಿಯ ಲೆಖ್‌ಫೆಲ್ಡ್‌ನಿಂದ ಫ್ರಾನ್ಸಿನ ಬಂದರು ಷೆರ್ಬೂರ್ಗ್‌ಗೆ ಹಾರಿಸಿ ತಂದ ವಿಮಾನಗಳು 1945ರ ಜುಲೈನಲ್ಲಿ ಬ್ರಿಟಿಷ್ ವಿಮಾನವಾಹಕ ಎಚ್‌ಎಂಎಸ್ ರೀಪರ್ ಹಡಗಿನಲ್ಲಿ ಅಮೆರಿಕಕ್ಕೆ ಹೋದವು.

ಎಂಜಿನ್ ಬಗ್ಗೆ ಕೇಳುವವರಿಗೆ: ಮಿ-262ರ ಜೆಟ್ ಎಂಜಿನ್ ಯುಮೊ 004ರಲ್ಲಿ ಎಂಟು ಹಂತದ ಕಂಪ್ರೆಸರ್ (ಗಾಳಿ ಒತ್ತುವ ಭಾಗ), ಆರು ದಹನ ಕೋಶ, ಒಂದೇ ಹಂತದ ಟರ್ಬೈನ್. ನಿಕ್ಕಲ್, ಕ್ರೋಮಿಯಂ ಕೊರತೆಯಿಂದ ದಹನ ಕೋಶಗಳನ್ನು ಸಾದಾ ಉಕ್ಕಿನಿಂದ ಮಾಡಿ ಅಲ್ಯೂಮಿನಿಯಂ ಲೇಪ ಕೊಟ್ಟಿದ್ದರು. ಎಂಜಿನ್ನಿನ ಆಯಸ್ಸು ಹೆಚ್ಚೆಂದರೆ ಸುಮಾರು 25 ಗಂಟೆ, ಎಷ್ಟೋ ಸಲ ಅದಕ್ಕೂ ಕಡಿಮೆ. ಎಂಜಿನ್ನಿನ ಮೂತಿಯೊಳಗಿನ ಪುಟ್ಟ ಟೂ-ಸ್ಟ್ರೋಕ್ ರೀಡೆಲ್ ಮೋಟಾರು ಅದನ್ನು ತಿರುಗಿಸಿ ಶುರು ಮಾಡಿಸುತ್ತದೆ. ಕೈಯಿಂದ ಎಳೆಯಲು ಹಗ್ಗವೂ ಇದೆ. ಥ್ರಾಟಲ್ ಮಾತ್ರ ನಿಧಾನಕ್ಕೆ ತಳ್ಳಬೇಕು. ಒಮ್ಮೆಲೇ ತಳ್ಳಿದರೆ ಇಂಧನ ಹೆಚ್ಚಿ, ಗಾಳಿ ಸಾಲದೆ, ಟರ್ಬೈನ್ ಮಿತಿಮೀರಿ ಕಾಯುತ್ತದೆ ಅಥವಾ ಉರಿ ಆರುತ್ತದೆ. ವಾಟ್ಸನ್ ತಂಡ ಸಾಗಿಸುತ್ತಿದ್ದ 50 ಮಿ.ಮೀ. ತೋಪಿನ ಮಿ-262 ಫ್ರಾನ್ಸ್‌ನಲ್ಲಿ ಟರ್ಬೈನ್ ಅಲಗು ಕಳಚಿ ನಷ್ಟವಾಯಿತು. ಪೈಲಟ್ ಪ್ಯಾರಾಚೂಟ್‌ನಲ್ಲಿ ಹಾರಿ ಉಳಿದರು. ಎಂಥ ಅಪರೂಪದ ವಿಮಾನ, ಹೋಗಿಬಿಟ್ಟಿತು!

ಇನ್ನೊಂದು ಜರ್ಮನ್ ಜೆಟ್, ಬಾಂಬರ್ ಅರಾಡೊ 234ರಲ್ಲಿ ಉಳಿದಿರುವ ಏಕೈಕ ವಿಮಾನ ಅಮೆರಿಕದ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಬೇರೆಡೆಯದೆಂದು ಚಿತ್ರ ಬಂದರೆ ಅದು ಪ್ರತಿಕೃತಿಯೇ ಎಂದು ಮೊದಲು ಪರಿಶೀಲಿಸಿ.