ಮಗಳಿಗೊಂದು ಪತ್ರ: ಒಳಗೆ ಬಿಟ್ಟ ಬಟ್ಟೆ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ ‘ಕಾರಿಜಿಬಲ್’ ಇನ್ನೂ ತಲೆಯಲ್ಲೇ ಇದೆ. ಮಾಡಿದವರು ನಿಲ್ಲಿಸಲು, ಬದಲಿಸಲು ಬಂದರೆ ಅಡ್ಡಿ ಮಾಡದ ಎಐಗೆ ಹಾಗಂತಾರೆ ಅಂದೆ. ಕನ್ನಡದಲ್ಲಿ ಏನಂತೀವಿ ಅಂತ ಕೇಳಿದೆ.

ನೀನು ಬಿಟ್ಟು ಹೋದ ನಿಘಂಟುಗಳನ್ನು ತೆಗೆದು ನೋಡಿದೆ. ಅದರ ಬೇರು ಲ್ಯಾಟಿನ್ನಿನ ‘ರೆಗೆರೆ’, ನೆಟ್ಟಗೆ ನಡೆಸು ಅಂತ. ‘ಕರೆಕ್ಟ್’ ಕೂಡ ಅಲ್ಲಿಂದಲೇ ಬಂದಿದೆ. ಡೊಂಕಾದದ್ದನ್ನು ನೆಟ್ಟಗೆ ಮಾಡೋದು ಅಷ್ಟೆ.

ನಮ್ಮ ‘ತಿದ್ದು’ ಇನ್ನೂ ದೊಡ್ಡದು. ಹಳಗನ್ನಡದಲ್ಲಿ ಅದು ‘ತಿರ್ದು’. ‘ಇರ್ದ’ ಹೋಗಿ ‘ಇದ್ದ’ ಆಯಿತಲ್ಲ, ಹಾಗೇ. ನಮ್ಮ ರಾಯಚೂರಿನ ಓಣಿಯಲ್ಲಿ ತೆಲುಗಿನವರು ‘ದಿದ್ದು’ ಅಂತಾರಲ್ವಾ, ಅದೂ ಇದೇ ಪದ. ನೀನು ಸ್ಲೇಟಿನ ಮೇಲೆ ‘ಅ’ ತಿದ್ದಿದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ನಾನು ಬರೆದ ಗೆರೆಯ ಮೇಲೇ ಬಳಪ ಆಡಿಸಿ ಆಡಿಸಿ ಅಕ್ಷರ ಬೆರಳಿನಷ್ಟು ದಪ್ಪ ಆಗುತ್ತಿತ್ತು. ನೀನಾಗ ಒಂದು ತಪ್ಪೂ ಮಾಡಿರಲಿಲ್ಲ. ಆದರೂ ಅದು ತಿದ್ದೋದೇ! ಕಲಿಯೋದಕ್ಕೂ ಸರಿ ಮಾಡೋದಕ್ಕೂ ಒಂದೇ ಮಾತು. ನನಗೆ ಇದು ತುಂಬಾ ಇಷ್ಟ.

ಲೆಕ್ಕದಲ್ಲಿ ಆದ ತಪ್ಪನ್ನು ‘ತಿದ್ದಬಹುದು’ ಅಂತೀವಿ. ಮನುಷ್ಯರಾದರೆ ‘ತಿದ್ದಿಸಿಕೊಳ್ಳುತ್ತಾರೆ’. ಆ ‘ಕೊಳ್ಳು’ ಇದೆಯಲ್ಲ, ಅದರಲ್ಲಿ ಅವರ ಒಪ್ಪಿಗೆಯೂ ಇದೆ. ನಿನ್ನ ಎಐಗೆ ‘ತಿದ್ದಿಸಿಕೊಳ್ಳುವಂಥದ್ದು’ ಅಂತಲೇ ಬರೆ.

ನನ್ನ ಹೊಲಿಗೆಯಲ್ಲೂ ಇದಿದೆ. ಬ್ಲೌಸಿನ ಪಕ್ಕದ ಹೊಲಿಗೆಯಲ್ಲಿ ಒಂದಿಂಚು ಬಟ್ಟೆ ಒಳಗೆ ಬಿಡುತ್ತೇನೆ. ಮೈ ತುಂಬಿಕೊಂಡರೆ ಹೊಲಿಗೆ ಬಿಚ್ಚಿ ಸಡಿಲ ಮಾಡಬಹುದು. ಬಟ್ಟೆ ಉಳಿಸೋಕೆ ಅಂಚಿಗೇ ಕತ್ತರಿಸಿದರೆ ಮುಗೀತು, ಆಮೇಲೆ ಯಾರೂ ಏನೂ ಮಾಡೋಕಾಗಲ್ಲ.

ಸಂವಿಧಾನ ಬರೆದವರೂ ಹೀಗೇ ಒಳಗೆ ಬಟ್ಟೆ ಬಿಟ್ಟಿದ್ದರು. ಅದೇ ಸಂವಿಧಾನವನ್ನು ತಿದ್ದೋಕೆ ದಾರಿ ಕೊಡೋ 368ನೇ ವಿಧಿ. ಅದರಿಂದಲೇ 98ನೇ ತಿದ್ದುಪಡಿ ಆಗಿ, 2013ರಲ್ಲಿ ನಮ್ಮ ಭಾಗಕ್ಕೆ 371ಜೆ ವಿಧಿ ಬಂತು. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಮಕ್ಕಳಿಗೆ ಓದಿನಲ್ಲಿ, ಕೆಲಸದಲ್ಲಿ ಮೀಸಲು ಸಿಕ್ಕಿತು. ನಿನ್ನ ಸೀಟೂ ಅದರಲ್ಲೇ ಬಂದದ್ದು, ಗೊತ್ತಲ್ಲ? ಆ ಪತ್ರ ಕೈಗೆ ಬಂದ ದಿನ ನಾನು ಮಷಿನ್ ನಿಲ್ಲಿಸಿ ಅತ್ತುಬಿಟ್ಟಿದ್ದೆ.

ದೀಪಾವಳಿಗೆ ಬರುವಾಗ ಆ ಹಸಿರು ಬ್ಲೌಸ್ ತಗೊಂಡು ಬಾ. ಬಿಗಿ ಆಗ್ತಿದೆ ಅಂದಿದ್ದೆಯಲ್ಲ. ಎರಡೂ ಪಕ್ಕ ಒಳಗೆ ಬಟ್ಟೆ ಇದೆ.

ನಿನ್ನ ಅವ್ವ