ರಸ್ತೆ ಮೇಲೆ ನೀಲಿ ಗೆರೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಬಂತು. ಬೆಂಗಳೂರಲ್ಲಿ ಆರು ವಾರದ ಕಲಾವಿದರ ರೆಸಿಡೆನ್ಸಿ ಸಿಕ್ಕಿದೆ ಅಂತ ಓದಿ ಖುಷಿಯಾಯಿತು. ಸ್ವಲ್ಪ ದಿನ ಸಾಗರ ಬಿಟ್ಟು ಬಾ ಅಂತ ನಾನೇ ಎಷ್ಟು ಸಲ ಹೇಳಿದ್ದೆ! ಆದರೆ ಜೊತೆಗೆ ಕಳಿಸಿದ ಪ್ರಪೋಸಲ್ ನೋಡಿ ನಗು ಬಂತು ಮಾರಾಯ. 'ಬೆಂಗಳೂರಿನ ಕಳೆದುಹೋದ ಕೆರೆಗಳು'. ಕೆಲವು ವರ್ಷದ ಹಿಂದೆ ನಾನೂ ಅದನ್ನೇ ಬರೆದಿದ್ದೆ. ಬೇಡ ಅನ್ನುತ್ತಿಲ್ಲ. ನನ್ನ ಕಥೆ ಹೇಳುತ್ತೇನೆ, ಆಮೇಲೆ ನಿನ್ನಿಷ್ಟ.

ಇದ್ದ ಊರಲ್ಲೇ ರೆಸಿಡೆನ್ಸಿ ಅಂದರೆ ನಮ್ಮಮ್ಮನಿಗೆ ಅರ್ಥವೇ ಆಗಲಿಲ್ಲ. "ಇರೋಕೆ ಜಾಗ ಕೊಡ್ತಾರೆ, ಊಟಕ್ಕೂ ದುಡ್ಡು ಕೊಡ್ತಾರೆ. ನೀನು ಏನು ಕೊಡಬೇಕು?" ಅಂದಳು. ಏನೂ ಇಲ್ಲಮ್ಮ, ಸುಮ್ನೆ ಇದ್ದು ಕೆಲಸ ಮಾಡೋದು ಅಂದೆ. ಅವಳು ನಂಬಲಿಲ್ಲ. ಅವಳು ಕೇಳಿದ್ದೇ ಸರಿಯಾದ ಪ್ರಶ್ನೆ ಅಂತ ಗೊತ್ತಾಗಿದ್ದು ಆಮೇಲೆ.

ನಾನು ಆರಿಸಿಕೊಂಡಿದ್ದು ಸಂಪಂಗಿ ಕೆರೆ. ಈಗ ಕಂಠೀರವ ಕ್ರೀಡಾಂಗಣ ಇದೆಯಲ್ಲ, ಅದೇ ಜಾಗ. ಅಷ್ಟು ದೊಡ್ಡ ಕೆರೆಯಲ್ಲಿ ಇವತ್ತು ಉಳಿದಿರುವುದು ಒಂದು ಸಣ್ಣ ಕೊಳ. ಅದೂ ಉಳಿದಿರುವುದು ಕರಗ ಉತ್ಸವದ ದೆಸೆಯಿಂದ. ಹಸಿ ಕರಗದ ಪೂಜೆ ನಡೆಯುವುದು ಅಲ್ಲೇ. ನೀನು ಬಸ್ಸಿಳಿಯುವ ಮೆಜೆಸ್ಟಿಕ್ ಕೂಡ ಧರ್ಮಾಂಬುಧಿ ಕೆರೆಯ ಅಂಗಳವೇ. ಇದೆಲ್ಲ ನಿನಗೆ ಗೊತ್ತು, ಪ್ರಪೋಸಲ್‌ನಲ್ಲೇ ಬರೆದಿದ್ದೀಯ. ತೊಂದರೆ ಅಂದರೆ, ನನಗೂ ಅಷ್ಟೇ ಗೊತ್ತಿತ್ತು.

ಹಳೆಯ ನಕ್ಷೆಯೊಂದನ್ನು ಹಿಡಿದುಕೊಂಡು, ರಂಗೋಲಿ ಪುಡಿಗೆ ನೀಲಿ ಬೆರೆಸಿ, ಒಂದು ರಾತ್ರಿ ಕೆರೆಯ ಹಳೇ ದಡ ಎಲ್ಲಿತ್ತೋ ಅಲ್ಲೆಲ್ಲ ಗೆರೆ ಎಳೆದೆ. ಫುಟ್‌ಪಾತ್ ಮೇಲೆ, ಒಂದು ಶೋರೂಮಿನ ಮೆಟ್ಟಿಲ ಮೇಲೆ, ಆಟೋ ಸ್ಟ್ಯಾಂಡಿನ ನಡುವೆ. ಗಾಳಿಗೆ ಹಾರದಿರಲಿ ಅಂತ ಪುಡಿಗೆ ಗೋಂದೂ ಹಾಕಿದ್ದೆ, ನನ್ನ ಬುದ್ಧಿವಂತಿಕೆ. ಬೆಳಿಗ್ಗೆ ಜನ ನಿಂತು ನೋಡುತ್ತಾರೆ, ಕೇಳುತ್ತಾರೆ, ಫೋಟೋ ತೆಗೆಯಬಹುದು ಅಂತ ಆರೂವರೆಗೇ ಕ್ಯಾಮೆರಾ ತಗೊಂಡು ಹೋದೆ.

ಒಬ್ಬ ಪೌರಕಾರ್ಮಿಕ ಹೆಂಗಸು ಬಗ್ಗಿ ಕೂತು ಗೆರೆಯನ್ನು ತೆಂಗಿನ ನಾರು ಹಿಡಿದು ಉಜ್ಜುತ್ತಿದ್ದರು. "ನೋಡಪ್ಪಾ, ಯಾರೋ ಪುಂಡರು ಬಣ್ಣ ಚೆಲ್ಲಿ ಹೋಗವ್ರೆ. ಪೊರಕೆಗೆ ಬರ್ತಾನೇ ಇಲ್ಲ. ಮೇಸ್ತ್ರಿ ಬಂದ್ರೆ ನನ್ನನ್ನ ಬೈತಾನೆ."

ಪುಂಡ ನಾನೇ ಅಂತ ಹೇಳಲು ಎರಡು ದಿನ ಬೇಕಾಯಿತು ಕಣೋ. ಹೇಳಿದಾಗ ಆ ಅಕ್ಕ ಬೈಯಲಿಲ್ಲ. ನಕ್ಕರು, ಅದು ಇನ್ನೂ ಕಷ್ಟ. "ಕೆರೆ ಇತ್ತು ಅಂತ ತೋರಿಸೋಕೆ ಬಣ್ಣ ಯಾಕೆ? ಮಳೆ ಬಂದ ಮಾರನೇ ದಿನ ಬಾ" ಅಂದರು.

ಹೋದೆ. ಆಮೇಲೆ ದಿನಾ ಹೋದೆ. ಯಾವ ಮೂಲೆಯಲ್ಲಿ ಎಲೆ ತಾನಾಗಿ ಬಂದು ಗುಡ್ಡೆಯಾಗುತ್ತದೆ, ಯಾವ ಮೋರಿಯ ಜಾಲರಿ ಮೊದಲು ಕಟ್ಟಿಕೊಳ್ಳುತ್ತದೆ, ರಸ್ತೆ ಎಲ್ಲಿ ಕಣ್ಣಿಗೆ ಕಾಣದಷ್ಟು ಇಳಿಜಾರಾಗಿದೆ, ಎಲ್ಲ ಆ ಅಕ್ಕನ ಸೊಂಟಕ್ಕೆ ಗೊತ್ತು. ಮರಗಳ ಲೆಕ್ಕವೂ ಬೇರೆ. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಲಾಲ್‌ಬಾಗ್ ನೋಡಿಕೊಂಡರು, ಊರಿನ ರಸ್ತೆಗಳಲ್ಲಿ ಒಂದಾದ ಮೇಲೊಂದು ಹೂ ಬಿಡುವ ಹಾಗೆ ಮರ ನೆಡಿಸಿದರು ಅಂತ ನಾವು ಹೆಮ್ಮೆಯಿಂದ ಹೇಳುತ್ತೇವೆ, ಅಲ್ವಾ? ಹೊರಗಿನವನೊಬ್ಬ ಈ ಊರಿಗೆ ಸ್ಪಂದಿಸಿ ಮಾಡಿದ ಅಷ್ಟು ದೊಡ್ಡ ಕೆಲಸ ಇನ್ನೊಂದಿಲ್ಲ ಅಂತ ಈಗಲೂ ಅನ್ನುತ್ತೇನೆ. ಅಕ್ಕ ಅದನ್ನೇ ಹೀಗೆ ಹೇಳಿದರು: "ಒಂದು ಮರ ಉದುರಿಸೋದು ಮುಗೀತು ಅನ್ನೋ ಹೊತ್ತಿಗೆ ಇನ್ನೊಂದು ಶುರು ಮಾಡ್ತದೆ."

ಕೊನೆಗೆ ನಾನು ಮಾಡಿದ್ದು ಒಂದು ಉದ್ದನೆಯ ಕಾಗದದ ಸುರುಳಿ. ಅಕ್ಕ ಗುಡಿಸುವ ದಾರಿಯ ನಕ್ಷೆ. ಬಣ್ಣಕ್ಕೆ ಅವರು ಗುಡಿಸಿದ ಮಣ್ಣನ್ನೇ ಜರಡಿ ಹಿಡಿದು ಗೋಂದಿನಲ್ಲಿ ಕಲಸಿದೆ. ಗ್ಯಾಲರಿಗೆ ಒಯ್ಯುವ ಮುಂಚೆ, ಅವರೆಲ್ಲ ಹಾಜರಿ ಹಾಕುವ ಜಾಗದಲ್ಲಿ ಒಂದು ಬೆಳಿಗ್ಗೆ ತೂಗುಹಾಕಿದೆ. ಎರಡು ತಿರುವು ತಪ್ಪು ಅಂದರು, ತಿದ್ದಿದೆ. ಹಳೇ ನಕ್ಷೆಯ ಮೇಲಿಟ್ಟು ನೋಡಿದಾಗ ಎಲೆಗುಡ್ಡೆಗಳು ಕೆಲವು ಕಡೆ ದಡಕ್ಕೆ ಹೊಂದಿದವು, ಕೆಲವು ಕಡೆ ಇಲ್ಲ. ಹೊಂದಿದ್ದನ್ನು ಮಾತ್ರ ತೋರಿಸುವ ಆಸೆಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಬೀದಿಯಲ್ಲಿ ಕೆಲಸ ಮಾಡಲೇಬಾರದು ಅಂತಲ್ಲ. 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆ ಗುಂಡಿಯಲ್ಲಿ ಮೊಸಳೆಯ ಬೊಂಬೆ ಬಿಟ್ಟಿದ್ದು ನೆನಪಿದೆಯಾ? ಆ ಗುಂಡಿ ಮುಚ್ಚಿದರು. ಅಲ್ಲಿ ಓಡಾಡುವವರ ಸಿಟ್ಟು ಆ ಮೊಸಳೆಯಲ್ಲಿತ್ತು. ನನ್ನ ನೀಲಿ ಗೆರೆಯಲ್ಲಿ ಇದ್ದದ್ದು ನನ್ನ ಪ್ರಪೋಸಲ್ ಮಾತ್ರ.

ಇನ್ನು ನೀನು ಕೇಳಿದ ವಿಳಾಸಗಳ ವಿಷಯ. ಶಾಂತಿನಗರದ ವನ್ ಶಾಂತಿರೋಡ್‌ಗೆ ಮೊದಲು ಹೋಗು. ಕಲಾವಿದ ಸುರೇಶ್ ಜಯರಾಮ್ 2003ರಲ್ಲಿ ಶುರು ಮಾಡಿದ್ದು. ಮನೆಯೂ ಹೌದು, ಸ್ಟುಡಿಯೋವೂ ಹೌದು, ಗ್ಯಾಲರಿಯೂ ಹೌದು. ಜರ್ಮನ್ ಸಾಂಸ್ಕೃತಿಕ ಕೇಂದ್ರವಾದ ಮ್ಯಾಕ್ಸ್ ಮುಲ್ಲರ್ ಭವನದವರು ಜರ್ಮನಿಯಿಂದ ಕಲಾವಿದರನ್ನು ಕರೆಸಿ ಇಲ್ಲಿನ ಸಂಸ್ಥೆಗಳ ಜೊತೆ ಕೆಲಸಕ್ಕೆ ಬಿಡುತ್ತಾರೆ, ಅವರನ್ನೂ ಮಾತಾಡಿಸು. ನಾವು ದಿನಾ ನೋಡಿ ನೋಡಿ ಕಾಣದೇ ಹೋದದ್ದು ಅವರಿಗೆ ಒಂದೇ ವಾರದಲ್ಲಿ ಕಾಣುತ್ತದೆ. ಒಂದೊಂದು ಸಲ ಹೊಟ್ಟೆಕಿಚ್ಚಾಗುತ್ತದೆ. ವೆಂಕಟಪ್ಪ ಗ್ಯಾಲರಿಗೆ ಒಟ್ಟಿಗೇ ಹೋಗೋಣ.

ಬರುವಾಗ ಅಪ್ಪೆಮಿಡಿ ಉಪ್ಪಿನಕಾಯಿ ಎರಡು ಬಾಟಲಿ ತಾ, ಒಂದು ಅಮ್ಮನಿಗೆ, ಒಂದು ಅಕ್ಕನಿಗೆ. ನೀನು ಬರುವ ವಿಷಯ ಅವರಿಗೆ ಹೇಳಿದ್ದೇನೆ. ಬೆಳಿಗ್ಗೆ ಆರಕ್ಕೆ ಬಂದರೆ ಜೊತೆಗೆ ಕರಕೊಂಡು ಹೋಗುತ್ತಾರಂತೆ. "ರೋಡ್ ಮೇಲೆ ಏನೂ ಬರಿಯಲ್ಲ ತಾನೇ?" ಅಂತ ಕೇಳಿದರು. ಬರೆಯಲ್ಲ ಅಂತ ನಿನ್ನ ಪರವಾಗಿ ಮಾತು ಕೊಟ್ಟಿದ್ದೇನೆ.

ನಿನ್ನವ